ಕುತ್ತಿಗೆಯ ಕಪ್ಪು ಮತ್ತು ಮರೆತುಹೋದ ಒಂದು ವರದಿ

ನನ್ನ ಅಣ್ಣನ ಮಗಳಿಗೆ ಹದಿನೇಳು ತುಂಬಿದ ವರ್ಷ ಮನೆಯಲ್ಲಿ ಅವಳ ಕುತ್ತಿಗೆಯದೇ ಮಾತು. ಕತ್ತಿನ ಹಿಂಭಾಗದಲ್ಲಿ, ಕೂದಲು ಮುಗಿಯುವ ಜಾಗದ ಕೆಳಗೆ, ಚರ್ಮ ದಪ್ಪಗಾಗಿ ಕಪ್ಪು ಮಖಮಲ್ಲಿನಂತೆ ಕಾಣುತ್ತಿತ್ತು. ಅಮ್ಮಿ ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚಿದರು. ಅತ್ತಿಗೆ ತೆಂಗಿನ ನಾರಿನಿಂದ ತಿಕ್ಕಿದಳು. ಚರ್ಮ ಕೆಂಪಾಗಿ ಉರಿಯಿತೇ ಹೊರತು ಕಪ್ಪು ಹೋಗಲಿಲ್ಲ. "ನೀನು ಸರಿಯಾಗಿ ಸ್ನಾನ ಮಾಡುವುದಿಲ್ಲ" ಎಂಬ ಬೈಗುಳ ಬೇರೆ. ಅದೇ ವರ್ಷ ಅವಳ ಗಲ್ಲದ ಕೆಳಗೆ ನಾಲ್ಕಾರು ಗಡುಸು ಕೂದಲು ಮೂಡಿದವು. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರತೊಡಗಿತು. ಕತ್ತಿನದು ಕೊಳೆ, ಗಲ್ಲದ್ದು ನಾಚಿಕೆ, ಮುಟ್ಟಿನದು ಮದುವೆಯಾದ ಮೇಲೆ ನೋಡಿಕೊಳ್ಳುವ ಸಂಗತಿ. ಹೀಗೆ ಮೂರನ್ನೂ ನಾವು ಮೂರು ಕಡೆ ಇಟ್ಟಿದ್ದೆವು.

ಕೊನೆಗೊಮ್ಮೆ ಸ್ಕ್ಯಾನಿಂಗ್ ಮಾಡಿಸಿದಾಗ ಚೀಟಿಯಲ್ಲಿ ನಾಲ್ಕಕ್ಷರದ ಹೆಸರು ಬಂತು: ಪಿಸಿಓಎಸ್. ಅಂಡಾಶಯದಲ್ಲಿ ನೀರ್ಗುಳ್ಳೆಗಳಿವೆ ಎಂದರು. ಅತ್ತಿಗೆಯ ಮೊದಲ ಪ್ರಶ್ನೆ, "ಮಕ್ಕಳಾಗುತ್ತವಾ ಡಾಕ್ಟ್ರೇ?" ಅದಕ್ಕೆ ಉತ್ತರ ಸಿಕ್ಕಿತು. ಮುಟ್ಟು ತರಿಸುವ ಗುಳಿಗೆ ಸಿಕ್ಕಿತು. "ತೂಕ ಇಳಿಸಿ" ಎಂಬ ಎರಡು ಮಾತಿನ ಉಪದೇಶವೂ ಸಿಕ್ಕಿತು. ರಕ್ತದ ಸಕ್ಕರೆಯನ್ನು ಮಾತ್ರ ಯಾರೂ ನೋಡಲಿಲ್ಲ. ನೋಡಿ ಎಂದು ಕೇಳಬೇಕೆಂಬುದು ನಮಗೂ ಹೊಳೆಯಲಿಲ್ಲ.

ನಾನು ಕಥೆ ಬರೆಯುವವಳು, ವೈದ್ಯಶಾಸ್ತ್ರ ಓದಿದವಳಲ್ಲ. ಆದರೆ ಹುಡುಗಿಯ ಮುಖ ನೋಡಿ ಸುಮ್ಮನಿರಲಾಗದೆ ಈ ಕಾಯಿಲೆಯ ಚರಿತ್ರೆಯನ್ನು ಹುಡುಕಿಕೊಂಡು ಓದತೊಡಗಿದೆ. ಓದುತ್ತಾ ಹೋದಂತೆ ನಮ್ಮ ಮನೆಯಲ್ಲಿ ನಡೆದ ತಪ್ಪೇ ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿಯೂ ಬಹುಕಾಲ ನಡೆದಿತ್ತೆಂದು ತಿಳಿಯಿತು. ಅವರೂ ಕೂದಲನ್ನು ಒಂದು ಕಡೆ, ಮುಟ್ಟನ್ನು ಒಂದು ಕಡೆ, ಸಕ್ಕರೆಯನ್ನು ಇನ್ನೊಂದು ಕಡೆ ಇಟ್ಟು ನೋಡಿದ್ದರು.

ಹಳೆಯ ಕಾಲದವರಿಗೆ ಈ ವಿಷಯ ಏನೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗ್ರೀಸಿನ ಹಿಪೊಕ್ರೆಟಿಸ್, ನಮ್ಮ ಹಕೀಮರ ಬಾಯಲ್ಲಿ ಬುಖ್ರಾತ್, ಅವನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಗಾಳಿ, ನೀರು ಮತ್ತು ಸ್ಥಳಗಳ ಬಗ್ಗೆ ಒಂದಿದೆ. ಅದರಲ್ಲಿ ಕಪ್ಪು ಸಮುದ್ರದ ಆಚೆಯ ಸಿಥಿಯನ್ ಎಂಬ ಅಲೆಮಾರಿ ಜನರ ವರ್ಣನೆ ಬರುತ್ತದೆ. ಆ ಕುಲದ ಹೆಂಗಸರು ಗಾಡಿಗಳಲ್ಲೇ ಕುಳಿತು ಕಾಲ ಕಳೆಯುತ್ತಾರೆ, ಮೈ ಸ್ಥೂಲವಾಗಿದೆ, ಮುಟ್ಟು ಸರಿಯಾಗಿ ಆಗುವುದಿಲ್ಲ, ಬಸಿರು ನಿಲ್ಲುವುದು ಕಷ್ಟ. ಅವರ ಮನೆಗಳಲ್ಲಿ ಮೈಮುರಿದು ದುಡಿಯುವ ತೆಳ್ಳಗಿನ ದಾಸಿಯರಾದರೋ ಬೇಗನೆ ಗರ್ಭ ಧರಿಸುತ್ತಾರೆ ಎಂದು ಆ ಗ್ರಂಥ ಹೇಳುತ್ತದೆ. ಊಟ, ದುಡಿಮೆ, ಮುಟ್ಟು ಈ ಮೂರರ ನಡುವೆ ನಂಟಿದೆ ಎಂಬುದನ್ನು ಆ ವೈದ್ಯ ಕಂಡಿದ್ದ. ಹಾಗೆಂದು ಅವನು ಹೇಳಿದ್ದೆಲ್ಲ ಸರಿಯೆಂದಲ್ಲ. ದಾಸಿಯರ ದುಡಿಮೆಯನ್ನು ಅವರ ಆರೋಗ್ಯದ ಗುಟ್ಟೆಂದು ಹೊಗಳುವುದು ಕುಳಿತು ಉಣ್ಣುವವರಿಗೆ ಸುಲಭ.

ಅದೇ ಪರಂಪರೆಯ ಇನ್ನೊಂದು ಗ್ರಂಥದಲ್ಲಿ ಅಬ್ಡೇರಾ ಊರಿನ ಫೇಥೂಸಾ ಎಂಬವಳ ಪ್ರಸಂಗವಿದೆ. ಗಂಡ ಗಡೀಪಾರಾಗಿ ಹೋದ ಮೇಲೆ ಅವಳ ಮುಟ್ಟು ನಿಂತಿತು, ಮೈಮೇಲೆ ಕೂದಲು ಬೆಳೆಯಿತು, ಗಡ್ಡ ಬಂತು, ದನಿ ಗಡುಸಾಯಿತು. ವೈದ್ಯರು ಏನೆಲ್ಲ ಮಾಡಿದರೂ ಮುಟ್ಟು ಬರಲಿಲ್ಲ, ಸ್ವಲ್ಪ ಕಾಲದಲ್ಲೇ ಅವಳು ತೀರಿಕೊಂಡಳು. ಇಷ್ಟು ಬೇಗ ಕೊಲ್ಲುವ ಕಾಯಿಲೆ ಪಿಸಿಓಎಸ್ ಅಲ್ಲ. ಆದರೂ ಈ ಪ್ರಸಂಗ ನನ್ನನ್ನು ಕಾಡಿತು. ವೈದ್ಯನಿಗೆ ಅಲ್ಲಿ ಕಂಡದ್ದು ಗಂಡನಿಲ್ಲದ ಹೆಣ್ಣು ಗಂಡಾಗಿ ಹೋದದ್ದು. ಅವಳು ಏನು ತಿನ್ನುತ್ತಿದ್ದಳು, ಎಷ್ಟು ಬಾಯಾರಿಕೆಯಾಗುತ್ತಿತ್ತು, ಏನು ಸಂಕಟಪಡುತ್ತಿದ್ದಳು ಎಂಬ ವಿವರ ಆ ಕೆಲವೇ ಸಾಲುಗಳಲ್ಲಿ ಇಲ್ಲ.

ಗ್ರೀಕ್ ವೈದ್ಯಗ್ರಂಥಗಳು ಬಗ್ದಾದಿನಲ್ಲಿ ಅರಬ್ಬಿಗೆ ಬಂದವು. ಅಲ್ಲಿಂದ ಬೆಳೆದ ತಿಬ್ಬೆ ಯುನಾನಿ ನಮ್ಮ ಊರುಗಳ ಹಕೀಮರವರೆಗೂ ತಲುಪಿತು. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದ್ದರ ಒಂದು ಲಾಭವೆಂದರೆ ಹಕೀಮರ ಮನೆಯ ಹಳೆಯ ಪುಸ್ತಕಗಳ ಧೂಳು ಕೊಡವಿ ಓದಬಲ್ಲೆ. ಮುಟ್ಟು ನಿಲ್ಲುವುದಕ್ಕೆ ಅಲ್ಲಿ 'ಇಹ್ತಿಬಾಸೆ ತಮ್ಸ್' ಎಂದು ಹೆಸರು. ಮೈಯಲ್ಲಿ ಬಲ್ಗಮ್, ಅಂದರೆ ಕಫ, ಹೆಚ್ಚಾಗುವುದು ಮತ್ತು ಬೊಜ್ಜು ಅದರ ಕಾರಣಗಳ ಪಟ್ಟಿಯಲ್ಲಿ ಬರುತ್ತವೆ. ಹಕೀಮರು ಔಷಧಿಗೆ ಮೊದಲು 'ಇಲಾಜ್ ಬಿಲ್ ಗಿಜಾ', ಆಹಾರದಿಂದಲೇ ಚಿಕಿತ್ಸೆ ಎನ್ನುತ್ತಿದ್ದರು. ಕಫದ ಸಿದ್ಧಾಂತವನ್ನು ಇಂದು ಒಪ್ಪಬೇಕಾಗಿಲ್ಲ. ಆದರೆ ರೋಗಿಯ ತಟ್ಟೆಯಲ್ಲಿ ಏನಿದೆ ಎಂದು ಕೇಳುವ ಅಭ್ಯಾಸ ಒಳ್ಳೆಯದೇ ಆಗಿತ್ತು.

ಮುಂದೆ ಯೂರೋಪಿನಲ್ಲಿ ಹೆಣ ಕೊಯ್ದು ನೋಡುವ ಕಾಲ ಬಂತು. 1721ರಲ್ಲಿ ಇಟಲಿಯ ಆಂಟೋನಿಯೊ ವ್ಯಾಲಿಸ್ನೇರಿ ಒಬ್ಬ ರೈತ ಯುವತಿಯ ಬಗ್ಗೆ ಬರೆದ. ಮದುವೆಯಾಗಿತ್ತು, ಮೈ ತುಸು ತುಂಬಿಕೊಂಡಿತ್ತು, ಮಕ್ಕಳಿರಲಿಲ್ಲ. ಅವಳ ಅಂಡಾಶಯಗಳು ಸಾಮಾನ್ಯಕ್ಕಿಂತ ದೊಡ್ಡದಾಗಿ, ಗಂಟುಗಂಟಾಗಿ, ಪಾರಿವಾಳದ ಮೊಟ್ಟೆಯಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಈ ಕಾಯಿಲೆಯ ಚರಿತ್ರೆ ಬರೆಯುವವರು ಇಲ್ಲಿಂದಲೇ ಆರಂಭಿಸುವುದು ವಾಡಿಕೆ. ಅಂದಿನಿಂದ ವೈದ್ಯರ ಕಣ್ಣು ಅಂಡಾಶಯದ ಮೇಲೆ ನೆಟ್ಟಿತು.

ಈಗ ನನಗೆ ಮುಖ್ಯವೆನಿಸಿದ ವರ್ಷಕ್ಕೆ ಬರುತ್ತೇನೆ. 1921. ಪ್ಯಾರಿಸ್ಸಿನ ಇಬ್ಬರು ವೈದ್ಯರು, ಶಾರ್ಲ್ ಅಷಾರ್ ಮತ್ತು ಜೋಸೆಫ್ ತಿಯೇರ್, ಅಲ್ಲಿಯ ವೈದ್ಯಕೀಯ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಹೆಂಗಸರ ಮುಖದ ಮೇಲೆ ಗಂಡಸರಂತೆ ಕೂದಲು ಬೆಳೆಯುವುದಕ್ಕೂ ಮೈಯಲ್ಲಿ ಸಕ್ಕರೆ ಅರಗದಿರುವುದಕ್ಕೂ ಸಂಬಂಧವಿದೆ ಎಂಬುದು ಅದರ ತಿರುಳು. ಅದಕ್ಕೆ ಅವರು ಕೊಟ್ಟ ಹೆಸರು 'ಗಡ್ಡದ ಹೆಂಗಸರ ಮಧುಮೇಹ'. ಆಗಿನ ಫ್ರಾನ್ಸಿನಲ್ಲಿ ಗಡ್ಡದ ಹೆಂಗಸು ಎಂದರೆ ನೋಡಲು ದುಡ್ಡು ಕೊಡುವ ತಮಾಷೆ. ಕ್ಲೆಮೆಂಟೀನ್ ದಲೇ ಎಂಬ ಗಡ್ಡದ ಹೆಂಗಸು ತನ್ನ ಕಾಫಿ ಅಂಗಡಿಗೆ ಅದೇ ಹೆಸರಿಟ್ಟು, ತನ್ನ ಚಿತ್ರದ ಪೋಸ್ಟ್ ಕಾರ್ಡುಗಳನ್ನು ಮಾರಿ ಹೆಸರುವಾಸಿಯಾಗಿದ್ದಳು. ಅವಳಿಗೆ ಆ ಧೈರ್ಯವಿತ್ತು. ಎಲ್ಲರಿಗೂ ಇರುವುದಿಲ್ಲ. ರೋಗಿ ಸ್ತ್ರೀಯರಿಗೆ ಇಂಥ ಹೆಸರು ಕೊಟ್ಟ ವೈದ್ಯರ ಸೂಕ್ಷ್ಮತೆಯ ಬಗ್ಗೆ ನನಗೆ ತಕರಾರಿದೆ. ಅವರು ವರ್ಣಿಸಿದ್ದು ಇಂದಿನ ಪಿಸಿಓಎಸ್ಸೇ ಎಂದು ಕಣ್ಣುಮುಚ್ಚಿ ಹೇಳುವಂತೆಯೂ ಇಲ್ಲ. ಆದರೆ ಗಲ್ಲದ ಕೂದಲನ್ನೂ ರಕ್ತದ ಸಕ್ಕರೆಯನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಅವರ ಕಣ್ಣಿನ ಚುರುಕು. ವಿಚಿತ್ರವೆಂದರೆ ಅದೇ 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್‌ಗಾಗಿ ಹಗಲಿರುಳು ದುಡಿಯುತ್ತಿದ್ದರು. ಕಾಯಿಲೆಯ ಒಂದು ತುದಿ ಪ್ಯಾರಿಸ್ಸಿನಲ್ಲಿ, ಇನ್ನೊಂದು ತುದಿ ಟೊರಾಂಟೊದಲ್ಲಿ. ಎರಡೂ ತುದಿ ಕೂಡಲು ಸುಮಾರು ಅರವತ್ತು ವರ್ಷ ಬೇಕಾಯಿತು.

ನಡುವೆ ಆದದ್ದೇನು? 1935ರಲ್ಲಿ ಅಮೆರಿಕದ ಶಿಕಾಗೊ ನಗರದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂತಾಲ್ ಏಳು ಸ್ತ್ರೀಯರ ವಿವರ ಪ್ರಕಟಿಸಿದರು. ಮುಟ್ಟು ನಿಂತಿತ್ತು, ಎರಡೂ ಅಂಡಾಶಯ ದಪ್ಪಗಾಗಿ ಗುಳ್ಳೆಗಳಿಂದ ತುಂಬಿದ್ದವು. ಸ್ಕ್ಯಾನಿಂಗ್ ಇಲ್ಲದ ಆ ಕಾಲದಲ್ಲಿ ಸ್ಟೈನ್ ಹೊಟ್ಟೆಯೊಳಗೆ ಅನಿಲ ತುಂಬಿ ಎಕ್ಸ್‌ರೇ ತೆಗೆಯುವ ವಿಧಾನದಲ್ಲಿ ಪಳಗಿದ್ದ. ಇಬ್ಬರೂ ಸೇರಿ ಪ್ರತಿ ಅಂಡಾಶಯದಿಂದ ಹಣ್ಣಿನ ಹೋಳಿನಂತೆ ಅರ್ಧಕ್ಕೂ ಹೆಚ್ಚು ಭಾಗ ಕತ್ತರಿಸಿ ತೆಗೆದರು. ಏಳು ಮಂದಿಗೂ ಮುಟ್ಟು ಮರಳಿತು. ಇಬ್ಬರು ಗರ್ಭಿಣಿಯರಾದರು. ವೈದ್ಯಲೋಕಕ್ಕೆ ಅಷ್ಟು ಸಾಕಾಯಿತು. ಕಾಯಿಲೆಗೆ ಇಬ್ಬರು ಶಸ್ತ್ರವೈದ್ಯರ ಹೆಸರು ಬಂತು, ಹೋಳು ತೆಗೆಯುವ ಶಸ್ತ್ರಚಿಕಿತ್ಸೆ ದಶಕಗಳ ಕಾಲ ನಡೆಯಿತು. ಹಾಗೆ ಕೊಯ್ದ ಕಡೆ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡು ಕೆಲವರಿಗೆ ಬಸಿರಾಗುವ ದಾರಿಯೇ ಮುಚ್ಚಿದ್ದು ಮುಂದೆ ಬೆಳಕಿಗೆ ಬಂತು. 1960ರ ದಶಕದಲ್ಲಿ ಅಂಡಾಣು ಬಿಡುಗಡೆ ಮಾಡಿಸುವ ಕ್ಲೋಮಿಫೀನ್ ಗುಳಿಗೆ ಬಂದ ಮೇಲೆ ಚಾಕುವಿನ ಹಾವಳಿ ಕಡಿಮೆಯಾಯಿತು. ಆದರೆ ಪ್ರಶ್ನೆ ಬದಲಾಗಲಿಲ್ಲ. ಮುಟ್ಟು ಬಂತೇ, ಮಗುವಾಯಿತೇ, ಇಷ್ಟೇ. ಮಗುವಾದ ಮೇಲೆ ಆ ತಾಯಿ ನಲವತ್ತರಲ್ಲಿ, ಐವತ್ತರಲ್ಲಿ ಹೇಗಿದ್ದಾಳೆಂದು ಯಾರು ಹಿಂತಿರುಗಿ ನೋಡುತ್ತಿದ್ದರು?

ಪ್ಯಾರಿಸ್ಸಿನ ವರದಿ ಮೂಲೆ ಸೇರಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ರಕ್ತದಲ್ಲಿ ಸಕ್ಕರೆಯನ್ನು ಅಳೆಯಬಹುದಿತ್ತು, ಇನ್ಸುಲಿನ್ನನ್ನು ಅಳೆಯಲು ಆಗುತ್ತಿರಲಿಲ್ಲ. 1936ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಹಿಮ್ಸ್‌ವರ್ತ್ ಕೆಲವು ಮಧುಮೇಹಿಗಳ ಮೈ ಇನ್ಸುಲಿನ್ನಿಗೆ ಮಣಿಯುತ್ತದೆ, ಕೆಲವರದು ಮಣಿಯುವುದಿಲ್ಲ ಎಂದು ತೋರಿಸಿಕೊಟ್ಟಿದ್ದ. ಆದರೆ ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಎಂದು ತಿಳಿಯುವ ಉಪಾಯವನ್ನು ನ್ಯೂಯಾರ್ಕಿನ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಕಂಡುಹಿಡಿದದ್ದು 1960ರ ಹೊತ್ತಿಗೆ. 1977ರಲ್ಲಿ ಯಾಲೋಗೆ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದ.

ಆ ಅಳತೆಗೋಲು ಕೈಗೆ ಬಂದ ಮೇಲೆ, 1980ರಲ್ಲಿ, ಅಮೆರಿಕದ ಮೆಂಫಿಸ್ ನಗರದ ಬರ್ಗೆನ್, ಗಿವೆನ್ಸ್ ಮತ್ತು ಅಬ್ಬಾಸ್ ಕಿತಾಬ್ಚಿ ಎಂಬ ಮೂವರು ವೈದ್ಯರು ಬೆರಳೆಣಿಕೆಯಷ್ಟು ಸ್ತ್ರೀಯರ ರಕ್ತ ಪರೀಕ್ಷಿಸಿದರು. ಪಿಸಿಓಎಸ್ ಇದ್ದವರಲ್ಲಿ ಅಷ್ಟೇ ದಪ್ಪಗಿರುವ ಇತರರಿಗಿಂತ ಇನ್ಸುಲಿನ್ ಹೆಚ್ಚಿತ್ತು. ಇನ್ಸುಲಿನ್ ಏರಿದಂತೆ ಪುರುಷ ಹಾರ್ಮೋನೂ ಏರಿತ್ತು. 1989ರಲ್ಲಿ ನ್ಯೂಯಾರ್ಕಿನ ಆಂಡ್ರಿಯಾ ಡುನೈಫ್ ಇನ್ನೂ ಮುಂದೆ ಹೋಗಿ, ಇನ್ಸುಲಿನ್ನಿಗೆ ಮೈ ಮಣಿಯದಿರುವ ಈ ಗುಣ ಬೊಜ್ಜಿನಿಂದ ಮಾತ್ರ ಬಂದದ್ದಲ್ಲ, ತೆಳ್ಳಗಿನವರಲ್ಲೂ ಇದೆ ಎಂದು ತೋರಿಸಿದರು. ಪ್ಯಾರಿಸ್ಸಿನ ಹಳೆಯ ವರದಿಯನ್ನು ಜನ ಮತ್ತೆ ನೆನಪಿಸಿಕೊಳ್ಳತೊಡಗಿದರು.

ಇದರ ಒಳಮರ್ಮ ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಾವು ತಿಂದ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಮಾಂಸಖಂಡಗಳ ಒಳಗೆ ಬಿಡಿಸುವ ಬೀಗದ ಕೈ ಇನ್ಸುಲಿನ್. ಬೀಗ ತುಕ್ಕು ಹಿಡಿದರೆ ಮೈ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಯುತ್ತದೆ. ಹೆಚ್ಚಾದ ಇನ್ಸುಲಿನ್ ಅಂಡಾಶಯವನ್ನು ತಲುಪಿ ಅಲ್ಲಿ ಪುರುಷ ಹಾರ್ಮೋನು ಹೆಚ್ಚುವಂತೆ ಮಾಡುತ್ತದೆ. ಆ ಹಾರ್ಮೋನನ್ನು ಕಟ್ಟಿಹಾಕುವ ಪ್ರೋಟೀನು ಪಿತ್ತಜನಕಾಂಗದಲ್ಲಿ ತಯಾರಾಗದಂತೆ ತಡೆಯುತ್ತದೆ. ಗಲ್ಲದಲ್ಲಿ ಕೂದಲು ಬರುವುದು ಹೀಗೆ. ಅಂಡಾಣುಗಳು ಅರ್ಧ ಬೆಳೆದು ನಿಂತುಬಿಡುತ್ತವೆ. ಸ್ಕ್ಯಾನಿಂಗಿನಲ್ಲಿ ಕಾಣುವ 'ನೀರ್ಗುಳ್ಳೆ'ಗಳು ನಿಜವಾಗಿ ಗುಳ್ಳೆಗಳೇ ಅಲ್ಲ, ಹಾಗೆ ನಡುದಾರಿಯಲ್ಲಿ ನಿಂತ ಅಂಡಾಣುಗಳ ಪುಟ್ಟ ಚೀಲಗಳು. ಅದೇ ಇನ್ಸುಲಿನ್ ಚರ್ಮದ ಮೇಲೆ ಕೆಲಸ ಮಾಡಿ ಕತ್ತು, ಕಂಕುಳಲ್ಲಿ ಕಪ್ಪು ದಪ್ಪ ಪದರ ಕಟ್ಟುತ್ತದೆ. ನಮ್ಮ ಹುಡುಗಿಯ ಕುತ್ತಿಗೆಯಲ್ಲಿದ್ದದ್ದು ಕೊಳೆಯಲ್ಲ. ನಾವು ತೆಂಗಿನ ನಾರಿನಿಂದ ಉಜ್ಜಿದ್ದು ಅವಳ ರಕ್ತದ ವರದಿಯನ್ನು.

ಇನ್ಸುಲಿನ್ ಬೇರಿನಲ್ಲಿದ್ದರೆ ಊಟವೇ ಔಷಧಿಯಾಗಬೇಕಲ್ಲ? 1992ರಲ್ಲಿ ಲಂಡನ್ನಿನ ವೈದ್ಯರು 24 ಮಂದಿ ಸ್ಥೂಲಕಾಯದ ಸ್ತ್ರೀಯರಿಗೆ ಮಿತ ಆಹಾರ ಕೊಟ್ಟು ನೋಡಿದರು. ತೂಕದ ನೂರಕ್ಕೆ ಐದು ಭಾಗಕ್ಕಿಂತ ತುಸು ಹೆಚ್ಚು ಇಳಿದವರಲ್ಲಿ ಹೆಚ್ಚಿನವರ ಮುಟ್ಟು ಸರಿಹೋಗತೊಡಗಿತು, ಕೆಲವರು ಗರ್ಭಿಣಿಯರಾದರು. ಎಂಬತ್ತು ಕಿಲೋ ಇದ್ದವಳಿಗೆ ಇದು ನಾಲ್ಕೈದು ಕಿಲೋ. "ಐವತ್ತಕ್ಕೆ ಇಳಿದರೆ ಮಾತ್ರ ಉಳಿಗಾಲ" ಎಂದು ಹುಡುಗಿಯರನ್ನು ಹೆದರಿಸುವವರು ಈ ಲೆಕ್ಕ ಓದಬೇಕು. 1995ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಇದಕ್ಕಿಂತ ಸೊಗಸಾದ ಕೆಲಸ ನಡೆಯಿತು. ಮಕ್ಕಳಾಗದ ಸ್ಥೂಲಕಾಯದ ಸ್ತ್ರೀಯರನ್ನು ಗುಂಪಾಗಿ ಸೇರಿಸಿ ಆರು ತಿಂಗಳು ಊಟ, ವ್ಯಾಯಾಮ, ಮಾತುಕತೆ ನಡೆಸಿದರು. ಕೊನೆಯವರೆಗೆ ಉಳಿದವರು 13 ಮಂದಿ. ಅವರಲ್ಲಿ 12 ಜನರಿಗೆ ಅಂಡಾಣು ಬಿಡುಗಡೆ ಮರಳಿತು, 11 ಮಂದಿ ಗರ್ಭಿಣಿಯರಾದರು. ಅವರು ಇಳಿಸಿದ ತೂಕ ಸರಾಸರಿ ಆರು ಕಿಲೋ ಚಿಲ್ಲರೆ. ಸಂಖ್ಯೆ ಚಿಕ್ಕದು, ಅದರಿಂದ ಜಗತ್ತಿಗೆಲ್ಲ ಒಂದೇ ನಿಯಮ ತೆಗೆಯಲಾಗದು. ಆದರೆ ಆ ಹೆಂಗಸರು ಒಂಟಿಯಾಗಿರಲಿಲ್ಲ ಎಂಬುದು ನನ್ನ ಗಮನ ಸೆಳೆಯಿತು. ನಮ್ಮಲ್ಲಿ ಹುಡುಗಿಯೊಬ್ಬಳು ಇಡೀ ಮನೆಯ ಬಿರಿಯಾನಿಯ ಮುಂದೆ ಒಂದು ಬಟ್ಟಲು ಸೌತೆಕಾಯಿ ಹಿಡಿದು ಕುಳಿತುಕೊಳ್ಳುತ್ತಾಳೆ.

ಹಾಗಾದರೆ ಬೊಜ್ಜಿಲ್ಲದ ನಮ್ಮ ಹುಡುಗಿಯರಿಗೂ ಇದು ಏಕೆ ಬರುತ್ತದೆ? 2002ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನ ಅಲ್ಲಿ ನೆಲೆಸಿದ ದಕ್ಷಿಣ ಏಷ್ಯಾದ ಸ್ತ್ರೀಯರನ್ನು ಬಿಳಿಯರೊಂದಿಗೆ ಹೋಲಿಸಿತು. ನಮ್ಮವರಲ್ಲಿ ಲಕ್ಷಣಗಳು ಎಳೆಯ ವಯಸ್ಸಿಗೇ ಕಾಣಿಸಿಕೊಂಡಿದ್ದವು, ಇನ್ಸುಲಿನ್ ಹೆಚ್ಚಿತ್ತು, ಕುತ್ತಿಗೆಯ ಕಪ್ಪೂ ಹೆಚ್ಚಿತ್ತು. ಇದರ ಬೇರು ತಾಯಿಯ ಹೊಟ್ಟೆಯಲ್ಲೇ ಇರಬಹುದೆಂಬ ವಾದವಿದೆ. ಆ ವಾದಕ್ಕೆ ಬಲ ಕೊಟ್ಟ ಕಾಗದಗಳು ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿತ್ತು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಹೃದ್ರೋಗ ಹೆಚ್ಚೆಂಬುದು 1996ರಲ್ಲಿ ಪ್ರಕಟವಾಯಿತು. 2003ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಸಂಗಡಿಗರು, ಸರಾಸರಿ 2.7 ಕಿಲೋ ತೂಗುವ ನಮ್ಮ ಕೂಸುಗಳು 3.5 ಕಿಲೋದ ಇಂಗ್ಲೆಂಡಿನ ಕೂಸುಗಳಿಗಿಂತ ಎಲ್ಲದರಲ್ಲೂ ಚಿಕ್ಕವಾದರೂ ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ ಕಾಪಾಡಿಕೊಂಡಿರುತ್ತವೆ ಎಂದು ತೋರಿಸಿದರು. ಕಣ್ಣಿಗೆ ತೆಳ್ಳಗೆ, ಒಳಗೆ ಕೊಬ್ಬು. ತಾಯಂದಿರು ತಲೆಮಾರುಗಳ ಕಾಲ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡ ನಾಡಿನಲ್ಲಿ ಇದು ಆಶ್ಚರ್ಯವೇನಲ್ಲ.

ಹೀಗೆ ಬರವನ್ನು ತಾಳಿಕೊಳ್ಳಲು ತಯಾರಾದ ಮೈಗೆ ನಾವು ಈಗ ಉಣಿಸುತ್ತಿರುವುದೇನು? ಚೆನ್ನೈ ನಗರದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿನ ಜನರ ಶಕ್ತಿಯ ಸುಮಾರು ಅರ್ಧ ಪಾಲು ಪಾಲಿಶ್ ಅಕ್ಕಿ, ಮೈದಾದಂಥ ತೌಡು ತೆಗೆದ ಧಾನ್ಯಗಳಿಂದ ಬರುತ್ತಿತ್ತು. ಹೆಚ್ಚು ತಿನ್ನುವವರಲ್ಲಿ ಇನ್ಸುಲಿನ್ನಿಗೆ ಮಣಿಯದಿರುವಿಕೆಯೂ ಹೆಚ್ಚಿತ್ತು. ನಮ್ಮ ಹಾಸನದ ಕಡೆಯೂ ಲೆಕ್ಕ ಬೇರೆಯಿರಲಾರದು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಚಹಾದಲ್ಲಿ ಅದ್ದಿದ ಖಾರಿ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ನನ್ನ ದಾದಿ ರಾಗಿ ಮುದ್ದೆಯನ್ನು ಮಟನ್ ಸಾಲನ್ನಿಗೆ, ಹುರುಳಿ ಸಾರಿಗೆ ಅದ್ದಿ ನುಂಗುತ್ತಿದ್ದರು; ಉಂಡು ಎದ್ದರೆ ಮತ್ತೆ ಕೂರುತ್ತಿದ್ದುದು ಸಂಜೆಗೆ. ಹಾಗೆಂದು ರಾಗಿ ಎಂದೊಡನೆ ಕೈ ಮುಗಿಯುವುದೂ ಬೇಡ. ನುಣ್ಣಗೆ ಬೀಸಿದ ರಾಗಿಯ ಗಂಜಿಗೆ ಬೆಲ್ಲ ಸುರಿದು ಕುಡಿದರೆ ಸಕ್ಕರೆ ಸರ್ರನೆ ಏರುತ್ತದೆ.

ಹುಡುಗಿಗೆ ಕೊಟ್ಟ ಆಹಾರದ ಪಟ್ಟಿಯಲ್ಲಿ ಓಟ್ಸ್, ಆಲಿವ್ ಎಣ್ಣೆ, ಬ್ರೊಕೊಲಿ ಇದ್ದವು. ಅತ್ತಿಗೆ ಬ್ರೊಕೊಲಿ ಹುಡುಕಿಕೊಂಡು ಸಂತೆ ಸುತ್ತಿ ಹೂಕೋಸು ತಂದಳು. ಅದರಿಂದ ನಷ್ಟವೇನೂ ಆಗಲಿಲ್ಲ. 2018ರಲ್ಲಿ ಬಂದು 2023ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ಕಾಯಿಲೆಗೆ ಇಂಥದೇ ಆಹಾರಕ್ರಮ ಉಳಿದೆಲ್ಲಕ್ಕಿಂತ ಮೇಲು ಎನ್ನಲು ಆಧಾರವಿಲ್ಲ ಎಂದೇ ಹೇಳುತ್ತದೆ. ಸಮತೋಲದ ಊಟ, ಮೈಗೆ ಕೆಲಸ, ಮನೆಯವರಿಗೆ ಒಗ್ಗುವ ರುಚಿ, ಇವು ಸಾಕು. ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಆಹಾರ ಇನ್ಸುಲಿನ್ನಿಗೆ ಅನುಕೂಲವೆಂದು ಆಸ್ಟ್ರೇಲಿಯಾದ 2010ರ ಒಂದು ಅಧ್ಯಯನ ಕಂಡಿದೆ. ಕಾಳು, ಬೇಳೆ, ಸೊಪ್ಪು, ಮೊಟ್ಟೆ, ಮೀನು ನಮ್ಮ ಅಡುಗೆಮನೆಗೆ ಹೊಸತಲ್ಲ. ಅದೇ ಮಾರ್ಗಸೂಚಿ ಇನ್ನೂ ಎರಡು ಮಾತು ಹೇಳುತ್ತದೆ. ದಪ್ಪವಿರಲಿ, ತೆಳ್ಳಗಿರಲಿ, ಪಿಸಿಓಎಸ್ ಎಂದು ತಿಳಿದ ದಿನವೇ ಸಕ್ಕರೆಯ ಪರೀಕ್ಷೆಯಾಗಬೇಕು, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ. ಮತ್ತು ಅವಳ ಮನಸ್ಸಿನ ದುಗುಡವನ್ನೂ ಕೇಳಬೇಕು, ತೂಕದ ಹೆಸರಿನಲ್ಲಿ ಹೀಯಾಳಿಸಬಾರದು.

ಈ ಕಾಯಿಲೆಯ ಹೆಸರಿನಲ್ಲೇ ದೋಷವಿದೆ, ಅಂಡಾಶಯದ ಹೆಸರಿಟ್ಟದ್ದರಿಂದ ಉಳಿದದ್ದೆಲ್ಲ ಮರೆಯಾಗುತ್ತಿದೆ, ಹೆಸರು ಬದಲಾಯಿಸಿ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2012ರಲ್ಲಿ ಕರೆದ ತಜ್ಞರ ಸಭೆ ಶಿಫಾರಸು ಮಾಡಿತ್ತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಸ್ತ್ರೀಯರಲ್ಲಿ 8ರಿಂದ 13 ಮಂದಿಗೆ ಇದು ಇದೆ. ಅವರಲ್ಲಿ ನೂರಕ್ಕೆ 70ರಷ್ಟು ಜನರಿಗೆ ತಮಗಿದೆಯೆಂದೇ ಗೊತ್ತಿಲ್ಲ.

ಇದನ್ನೆಲ್ಲ ಓದಿಕೊಂಡು ಒಂದು ಸಂಜೆ ಅಣ್ಣನ ಮನೆಗೆ ಹೋಗಿ ಹೇಳತೊಡಗಿದೆ. ಹುಡುಗಿ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದಳು. "ಹಾಗಾದರೆ ನಾನು ಸ್ನಾನ ಸರಿಯಾಗೇ ಮಾಡುತ್ತಿದ್ದೆ ಅಲ್ವಾ ಫುಪ್ಪು?" ಎಂದಳು. ಅತ್ತಿಗೆ ತಲೆ ತಗ್ಗಿಸಿದಳು. ತಖ್ತದ ಮೇಲೆ ಕಾಲು ನೀವಿಕೊಳ್ಳುತ್ತಿದ್ದ ಅಮ್ಮಿ ಬಹಳ ಹೊತ್ತು ಮಾತಾಡಲಿಲ್ಲ. ಅಮ್ಮಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತೆರಡು ವರ್ಷ. ಮದುವೆಯಾಗಿ ಆರು ವರ್ಷ ಮಕ್ಕಳಾಗದೆ ಅತ್ತೆಮನೆಯವರಿಂದ ಏನೇನು ಕೇಳಿದ್ದರೋ ನಮಗೆ ಪೂರ್ತಿ ಹೇಳಿದವರಲ್ಲ. ಆಮೇಲೆ ಎಂಟು ವರ್ಷದ ಅಂತರದಲ್ಲಿ ನಾವಿಬ್ಬರು, ಅಣ್ಣ ಮತ್ತು ನಾನು. ಅವರು ಮೆಲ್ಲಗೆ ಸೆರಗು ಸರಿಸಿ ಮೊಮ್ಮಗಳತ್ತ ಬೆನ್ನು ತಿರುಗಿಸಿ ಕುಳಿತರು. ಬಿಳಿಗೂದಲಿನ ಕೆಳಗೆ, ಸುಕ್ಕುಗಳ ನಡುವೆ, ಅದೇ ಕಪ್ಪು. "ನನ್ನ ಅಮ್ಮಿ ಇದನ್ನು ಇಟ್ಟಿಗೆ ಪುಡಿಯಿಂದ ಉಜ್ಜುತ್ತಿದ್ದರು" ಎಂದರು. ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋಗುವಾಗ ಹುಡುಗಿ ಖಾಲಿ ಹೊಟ್ಟೆಯಲ್ಲಿದ್ದಳು. ಅವಳ ಕೈ ಹಿಡಿದುಕೊಂಡು ಅಮ್ಮಿಯೂ ಹೊರಟರು.